ಸ್ಯಾಂಕ್ಷನ್ ಅಂದ್ರೆ ಯಾವಾಗಲೂ ಮಂಜೂರಾ?

ಇಂಗ್ಲಿಷ್ ಪತ್ರ ಹಿಡಿದು ಅನುವಾದಕ್ಕೆ ಬರುವವರು ಬೇರೆ ಎಲ್ಲ ಪದಗಳ ಬಗ್ಗೆ ಕೇಳುತ್ತಾರೆ, ‘ಸ್ಯಾಂಕ್ಷನ್’ ಬಗ್ಗೆ ಮಾತ್ರ ಕೇಳುವುದಿಲ್ಲ. ಸಾಲ ಸ್ಯಾಂಕ್ಷನ್ ಆಯ್ತು, ರಜೆ ಸ್ಯಾಂಕ್ಷನ್ ಆಯ್ತು ಅಂತ ದಿನಾ ಆಡುವ ಮಾತು ಅಲ್ವಾ? ಹಾಗಾಗಿ ಎಲ್ಲಿ ಕಂಡರೂ ‘ಮಂಜೂರು’ ಎಂದು ಓದಿಕೊಂಡು ಮುಂದೆ ಹೋಗುತ್ತಾರೆ. ಎಡವುವುದು ಅಲ್ಲೇ.

ಸಣ್ಣ ವ್ಯಾಪಾರ ಶುರು ಮಾಡಿದ್ದ ಹುಡುಗನೊಬ್ಬ ಹೊರದೇಶದ ಖರೀದಿದಾರರಿಗೆ ಕಳಿಸಬೇಕಿದ್ದ ಫಾರಂ ತಂದಿದ್ದ. ‘ಯಾವುದಾದರೂ ಪ್ರಾಧಿಕಾರ ನಿಮ್ಮನ್ನು ಸ್ಯಾಂಕ್ಷನ್ ಮಾಡಿದೆಯೇ?’ ಎಂಬ ಪ್ರಶ್ನೆಗೆ ‘ಹೌದು’ ಎಂದು ಗುರುತು ಹಾಕಿ, ಪಕ್ಕದಲ್ಲಿ ಪರವಾನಗಿ ನಂಬರನ್ನು ದುಂಡಗೆ ಬರೆದಿದ್ದ. ಅವರು ಕೇಳಿದ್ದು, ನಿಮ್ಮ ಮೇಲೆ ದಂಡನೆಯ ಕ್ರಮ ಆಗಿದೆಯಾ ಎಂದು. ಓಡಾಡಿ ಎಲ್ಲ ಅನುಮತಿ ಪಡೆದಿದ್ದವನು ತಾನು ತಪ್ಪಿತಸ್ಥ ಎಂದು ಕೈಯಾರೆ ಬರೆದುಕೊಡುತ್ತಿದ್ದ. ಪಾಪ ಅನ್ನಿಸಿತು.

ತಿದ್ದಿ ಹೇಳಿದರೆ ಕೆಲವರು ವಾದಕ್ಕೇ ನಿಲ್ಲುತ್ತಾರೆ. ಮೂಲ ಲ್ಯಾಟಿನ್‌ನ ‘ಸಾಂಕೀರೆ’, ಪವಿತ್ರಗೊಳಿಸು ಎಂದು ಅರ್ಥ, ‘ಸೇಂಟ್’ ಕೂಡ ಅದೇ ಬಳಗದ್ದು, ಅದು ಶಿಕ್ಷೆ ಹೇಗಾಗುತ್ತದೆ ಎನ್ನುತ್ತಾರೆ. ಮೂಲವೇನೋ ಸರಿ. ಆದರೆ ಅದು ಅರ್ಧ ಕಥೆ. ಕಾನೂನನ್ನು ಯಾರೂ ಮುರಿಯದಂತೆ ಗಟ್ಟಿ ಮಾಡುವುದಕ್ಕೂ ರೋಮನ್ನರು ಅದೇ ಪದ ಬಳಸುತ್ತಿದ್ದರು. ಮುರಿದರೆ ಏನು ಶಿಕ್ಷೆ ಎಂದು ಹೇಳುವ ಭಾಗಕ್ಕೆ ‘ಸಾಂಕ್ಟಿಯೊ’ ಎಂದೇ ಹೆಸರಿತ್ತು. ಒಪ್ಪಿಗೆ, ದಂಡನೆ ಎರಡರ ಬೀಜವೂ ಅಲ್ಲೇ ಇತ್ತು.

ಇಂಗ್ಲಿಷಿಗೆ ಮೊದಲು ಬಂದದ್ದು ನಾಮಪದ, 16ನೇ ಶತಮಾನದಲ್ಲಿ. ಆಗ ಅದಕ್ಕೆ ಶಾಸನ, ಆಜ್ಞೆ ಎಂಬ ಅರ್ಥ. ಹ್ಯಾಬ್ಸ್‌ಬರ್ಗ್ ರಾಜಮನೆತನದ ರಾಜ್ಯ ಹೆಣ್ಣುಮಕ್ಕಳಿಗೂ ಸೇರಬಹುದು ಎಂದು ಚಕ್ರವರ್ತಿ ಆರನೇ ಚಾರ್ಲ್ಸ್ 1713ರಲ್ಲಿ ಹೊರಡಿಸಿದ ಆಜ್ಞೆಯನ್ನು ‘ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್’ ಎನ್ನುವುದು ಈ ಅರ್ಥದಲ್ಲೇ. ಕ್ರಿಯಾಪದ ಬಂದದ್ದು 18ನೇ ಶತಮಾನದಲ್ಲಿ, ಅನುಮೋದಿಸು ಎಂದು. ದಂಡಿಸು ಎಂಬುದು ತೀರಾ ಈಚಿನದು. 1935ರಲ್ಲಿ ಇಟಲಿ ಅಬಿಸೀನಿಯಾದ (ಈಗಿನ ಇಥಿಯೋಪಿಯಾ) ಮೇಲೆ ದಾಳಿ ಮಾಡಿದಾಗ ವಿಶ್ವಸಂಸ್ಥೆಗೂ ಮೊದಲಿದ್ದ ದೇಶಗಳ ಒಕ್ಕೂಟವಾದ ಲೀಗ್ ಆಫ್ ನೇಷನ್ಸ್ ಹೇರಿದ ಆರ್ಥಿಕ ನಿರ್ಬಂಧಗಳಿಗೆ ‘ಸ್ಯಾಂಕ್ಷನ್ಸ್’ ಎಂದೇ ಹೆಸರಾಯಿತು. 20ನೇ ಶತಮಾನದ ನಡುಭಾಗದ ಹೊತ್ತಿಗೆ ಕ್ರಿಯಾಪದಕ್ಕೂ ಆ ಅರ್ಥ ಅಂಟಿಕೊಂಡಿತು.

ಹಾಗಾಗಿ ಮೂಲ ಹುಡುಕುತ್ತಾ ಕೂತರೆ ಮುಂದಿರುವ ವಾಕ್ಯದ ಅರ್ಥ ಸಿಗುವುದಿಲ್ಲ. ಏನನ್ನು ಸ್ಯಾಂಕ್ಷನ್ ಮಾಡಿದರು ಎಂದು ನೋಡಿ. ದಯವಿಟ್ಟು ಅದನ್ನೇ ನೋಡಿ. ಯೋಜನೆ, ಸಾಲ, ಹುದ್ದೆ, ಖರ್ಚು ಆದರೆ ಅನುಮತಿ. ವ್ಯಕ್ತಿ, ಕಂಪನಿ, ದೇಶ ಆದರೆ ಬಹುಪಾಲು ದಂಡನೆ. ಕ್ರೀಡಾ ಸಂಸ್ಥೆ ಒಂದು ಟೂರ್ನಿಯನ್ನು ಸ್ಯಾಂಕ್ಷನ್ ಮಾಡಿತು ಅಂದರೆ ಆಟ ನಡೆಯುತ್ತದೆ. ಅದೇ ಸಂಸ್ಥೆ ಒಬ್ಬ ಆಟಗಾರನನ್ನು ಸ್ಯಾಂಕ್ಷನ್ ಮಾಡಿತು ಅಂದರೆ ಅವನಿಗೆ ದಂಡವೋ ನಿಷೇಧವೋ ಬಿದ್ದಿದೆ. ಒಂದೇ ಸುದ್ದಿಯಲ್ಲಿ ಎರಡೂ ಬರಬಹುದು.

ಇದು ಎಲ್ಲ ಕಡೆ ಕೈ ಹಿಡಿಯುತ್ತದೆ ಅಂತ ಹೇಳಲಾರೆ. ‘ಸ್ಯಾಂಕ್ಷನ್ಡ್ ಆಯಿಲ್’ ಎಂದರೆ ಸಾಮಾನ್ಯವಾಗಿ ನಿರ್ಬಂಧಕ್ಕೆ ಒಳಗಾದ ತೈಲ, ಅನುಮತಿ ಪಡೆದದ್ದಲ್ಲ. ಕರಾರುಪತ್ರವಾದರೆ ಪದಗಳ ವ್ಯಾಖ್ಯೆ ಕೊಟ್ಟಿರುವ ಪುಟವನ್ನು ಮೊದಲು ಓದಿ. ಆಮೇಲೂ ಅನುಮಾನ ಉಳಿದರೆ ವಕೀಲರನ್ನು ಕೇಳಿಯೇ ಸಹಿ ಹಾಕಿ.

ನೀವೇ ಇಂಗ್ಲಿಷಿನಲ್ಲಿ ಬರೆಯುವಾಗ ಈ ಪದ ಬಿಟ್ಟುಬಿಡಿ. ‘ಅಪ್ರೂವ್’ ಇದೆ, ‘ಪೀನಲೈಜ್’ ಇದೆ. ತೂಕ ಇರಲಿ ಅಂತ ಸುಮ್ನೆ ‘ಸ್ಯಾಂಕ್ಷನ್’ ಸೇರಿಸಿ ತರುವವರು ಈಗಲೂ ಜಾಸ್ತಿ. ನಾನು ಹೊಡೆದುಹಾಕುತ್ತೇನೆ, ಅವರು ಮತ್ತೆ ಸೇರಿಸುತ್ತಾರೆ.