ಮಧ್ಯಾಹ್ನ ಎರಡಕ್ಕೆ ಬಾಡಿದ ಸೋರೆ ಬಳ್ಳಿಗೆ ನೀರು ಹಾಕಬೇಡಿ

ಶಿವರಾತ್ರಿ ಮುಗಿದು ಯುಗಾದಿ ಹತ್ತಿರ ಬಂತು ಅಂದರೆ ನನ್ನ ವಾಟ್ಸಾಪ್‌ಗೆ ಒಂದೇ ಬಗೆಯ ಫೋಟೋಗಳು ಬರಲು ಶುರುವಾಗುತ್ತವೆ. ಸೋರೆ, ಹೀರೆ ಅಥವಾ ಕುಂಬಳದ ಬಳ್ಳಿ. ಎಲೆಗಳೆಲ್ಲ ಜೋತುಬಿದ್ದಿರುತ್ತವೆ. ಕೆಳಗೆ "ಮೇಡಂ, ಗಿಡ ಸಾಯ್ತಿದೆ, ಅರ್ಜೆಂಟ್" ಅಂತ ಬರೆದಿರುತ್ತದೆ. ಫೋಟೋ ಬಂದ ಹೊತ್ತು ನೋಡಿದರೆ ಮಧ್ಯಾಹ್ನ ಒಂದೂವರೆ, ಎರಡು, ಎರಡೂವರೆ. ನನ್ನ ಉತ್ತರವೂ ಒಂದೇ. "ನೀರು ಹಾಕಬೇಡಿ. ಸಂಜೆ ಆರೂವರೆಗೆ ಇನ್ನೊಂದು ಫೋಟೋ ಕಳಿಸಿ." ಅಷ್ಟರಲ್ಲಿ ಅವರು ಅರ್ಧ ಬಕೆಟ್ ಸುರಿದು ಆಗಿರುತ್ತದೆ.

ಬೇಸಿಗೆ ತರಕಾರಿಗೆ ಯಾವ ಬೀಜ ಹಾಕಬೇಕು, ಮಣ್ಣು ಹೇಗೆ ಬೆರೆಸಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಬೆಂಡೆ, ಗೋರಿಕಾಯಿ, ಅಲಸಂದೆ, ಹೀರೆ, ಹಾಗಲ, ಸೌತೆ, ದಂಟು, ಬಸಳೆ ಹಾಕಿ. ಹೂಕೋಸು, ಬಟಾಣಿ, ಕ್ಯಾರೆಟ್ ಬಿಡಿ. ಮಾರ್ಚ್ ತಿಂಗಳಲ್ಲೂ ನರ್ಸರಿಯಲ್ಲಿ ಹೂಕೋಸಿನ ಸಸಿ ಸಿಗುತ್ತದೆ ನಿಜ, ಅದು ಮಾರುವವರ ಅನುಕೂಲಕ್ಕೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ, ಅರ್ಕಾ ಮಂಗಳ ಅಲಸಂದೆ ತಾರಸಿಯ ಮೇಲೂ ಚೆನ್ನಾಗಿ ಬರುತ್ತವೆ. ಈ ವಿಷಯ ಇಲ್ಲಿಗೆ ಸಾಕು. ನಾನು ನೋಡಿದ ಮಟ್ಟಿಗೆ ಬೇಸಿಗೆಯಲ್ಲಿ ಮನೆ ತೋಟದ ಗಿಡಗಳು ಬೀಜದಿಂದಲೋ ಗೊಬ್ಬರದಿಂದಲೋ ಸಾಯುವುದು ಕಡಿಮೆ. ಸಾಯುವುದು ನಮ್ಮ ಪ್ರೀತಿಯಿಂದ, ಅಂದರೆ ಪೈಪಿನಿಂದ.

ಮಧ್ಯಾಹ್ನ ಎಲೆ ಯಾಕೆ ಬಾಡುತ್ತದೆ? ಎಲೆಯ ತುಂಬ ಸಣ್ಣ ಸಣ್ಣ ರಂಧ್ರಗಳಿವೆ. ಅಲ್ಲಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಹೋದಷ್ಟನ್ನು ಬೇರು ಕೆಳಗಿನಿಂದ ಎಳೆದು ಕೊಡುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಕಾದ ತಾರಸಿಯ ಮೇಲೆ, ಹೋಗುವ ವೇಗಕ್ಕೆ ಬೇರು ಕೊಡಲು ಆಗುವುದಿಲ್ಲ. ಮಣ್ಣಲ್ಲಿ ನೀರು ಇದ್ದರೂ ಆಗುವುದಿಲ್ಲ. ತಿಂಗಳ ಕೊನೆಯಲ್ಲಿ ಜೇಬು ಖಾಲಿಯಾದ ಸಂಬಳದಾರನಿಗೆ ನೌಕರಿ ಹೋಗಿಲ್ಲ ಅಲ್ವಾ, ಹಾಗೆಯೇ ಇದು. ಎಲೆ ಜೋತುಬಿದ್ದರೆ ಅದರ ಮೇಲೆ ನೇರವಾಗಿ ಬೀಳುವ ಬಿಸಿಲೂ ಕಡಿಮೆಯಾಗುತ್ತದೆ, ಆವಿಯಾಗುವುದೂ ಕಡಿಮೆಯಾಗುತ್ತದೆ. ಸೋರೆ, ಕುಂಬಳದಂಥ ಅಗಲ ಎಲೆಯವು ಇದನ್ನು ಜಾಸ್ತಿ ಮಾಡುತ್ತವೆ. ಬೆಂಡೆ, ಗೋರಿಕಾಯಿ ಅಷ್ಟಾಗಿ ತೋರಿಸಿಕೊಳ್ಳುವುದಿಲ್ಲ. ಬಿಸಿಲು ಇಳಿದ ಮೇಲೆ ಎಲೆ ತಾನಾಗಿ ಏಳಲು ಶುರುಮಾಡುತ್ತದೆ. ಕತ್ತಲಾಗುವ ಹೊತ್ತಿಗೆ ಏನೂ ಆಗೇ ಇಲ್ಲ ಎಂಬಂತೆ ನಿಂತಿರುತ್ತದೆ.

ಎಡವಟ್ಟು ಆಗುವುದು ಇಲ್ಲಿ. ನೀವು ಎರಡು ಗಂಟೆಗೆ ನೀರು ಹಾಕುತ್ತೀರಿ. ಆರು ಗಂಟೆಗೆ ಗಿಡ ಎದ್ದು ನಿಲ್ಲುತ್ತದೆ. "ನೋಡಿ, ನೀರು ಹಾಕಿದ್ದಕ್ಕೇ ಬದುಕಿತು" ಅಂತ ನಿಮಗೆ ಖಾತ್ರಿಯಾಗುತ್ತದೆ. ನೀರು ಹಾಕದಿದ್ದರೂ ಅದು ಆರು ಗಂಟೆಗೆ ಏಳುತ್ತಿತ್ತು. ಆದರೆ ಹಾಕದೆ ಕಾದು ನೋಡುವ ಧೈರ್ಯ ಯಾರಿಗೂ ಇಲ್ಲ. ಮರುದಿನ ಮತ್ತೆ ಎರಡು ಗಂಟೆಗೆ ನೀರು, ಅದರ ಮರುದಿನ ಮತ್ತೆ. ವಾರ ಕಳೆಯುವುದರಲ್ಲಿ ಗಿಡ ಬೆಳೆಸಿದ ಚೀಲದ (ಗ್ರೋ ಬ್ಯಾಗ್) ತಳ ಕೆಸರಾಗಿರುತ್ತದೆ.

ಈಗ ನಿಜವಾದ ತೊಂದರೆ. ಬೇರೂ ಉಸಿರಾಡಬೇಕು. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿ ಗಾಳಿ ಇರುತ್ತದೆ, ಅದರಿಂದ ಬೇರು ಆಮ್ಲಜನಕ ತೆಗೆದುಕೊಳ್ಳುತ್ತದೆ. ಆ ಸಂದಿಗಳಲ್ಲಿ ಯಾವಾಗಲೂ ನೀರೇ ತುಂಬಿದ್ದರೆ ಕತೆ ಮುಗಿಯಿತು. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಹರಡುವುದು ಸುಮಾರು 10,000 ಪಟ್ಟು ನಿಧಾನ. ಬೇರು ಉಸಿರು ಕಟ್ಟಿ ಸಾಯುತ್ತದೆ, ಸತ್ತ ಬೇರಿಗೆ ಕೊಳೆರೋಗ ಹತ್ತುತ್ತದೆ. ಸತ್ತ ಬೇರು ನೀರು ಎಳೆಯುವುದಿಲ್ಲ. ಆಗ ಎಲೆ ಬಾಡುತ್ತದೆ. ಇನ್ನೊಮ್ಮೆ ಓದಿ: ಮಣ್ಣಲ್ಲಿ ನೀರು ಜಾಸ್ತಿಯಾದರೂ ಗಿಡ ಬಾಡುತ್ತದೆ. ನೋಡಲು ನೀರಿಲ್ಲದೆ ಬಾಡಿದ ಗಿಡದ ಹಾಗೇ ಇರುತ್ತದೆ. ನೀವು ಇನ್ನಷ್ಟು ನೀರು ಹಾಕುತ್ತೀರಿ. ಎಷ್ಟೋ ಮನೆಗಳಲ್ಲಿ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. "ಆದರೂ ಈ ಬಿಸಿಲಿಗೆ ಪಾಪ ಅನ್ನಿಸುತ್ತಲ್ಲ ಮೇಡಂ" ಅನ್ನುತ್ತಾರೆ. ಅನ್ನಿಸಲಿ, ತೊಂದರೆಯಿಲ್ಲ. ಪೈಪು ಮಾತ್ರ ಮುಟ್ಟಬೇಡಿ.

ವಿಜಯನಗರದ ಒಂದು ಮನೆಗೆ ಹೋಗಿದ್ದೆ. ಅಚ್ಚುಕಟ್ಟಾದ ತಾರಸಿ. ಮೂವತ್ತು ನಲವತ್ತು ಚೀಲ, ಹಸಿರು ನೆರಳು ಬಲೆ, ಚಪ್ಪರ. ಎಲ್ಲ ಗಿಡದ ಕೆಳಗಿನ ಎಲೆ ಹಳದಿ. ಸಣ್ಣ ಕಪ್ಪು ನೊಣಗಳು ಮಣ್ಣಿನ ಮೇಲೆ ಹಾರಾಡುತ್ತಿದ್ದವು. ಮನೆಯ ಯಜಮಾನರು ನಿವೃತ್ತರು, ಎಲ್ಲದಕ್ಕೂ ಲೆಕ್ಕ ಇಡುವವರು. "ದಿನಕ್ಕೆ ಒಂದೇ ಸಲ ನೀರು ಹಾಕೋದು ಮೇಡಂ, ಸಂಜೆ ಮಾತ್ರ" ಅಂದರು. ಕಾಫಿ ತಂದ ಅವರ ತಾಯಿ ಅಲ್ಲೇ ನಿಂತಿದ್ದರು. "ಬೆಳಿಗ್ಗೆ ಪೂಜೆ ಆದ್ಮೇಲೆ ನಾನೂ ಒಂದೊಂದು ಚೆಂಬು ಹಾಕ್ತೀನಲ್ಲೋ" ಅಂದರು. ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದ ಕೆಲಸದಾಕೆ ತಿರುಗಿ ನೋಡಿ, "ಅಕ್ಕಾ, ಮಧ್ಯಾಹ್ನ ಬಟ್ಟೆ ತೆಗೆಯೋಕೆ ಬಂದಾಗ ಬಾಡಿರ್ತವೆ, ನಾನೂ ಹಾಕ್ತೀನಿ" ಅಂದಳು. ಯಾರೂ ಸುಳ್ಳು ಹೇಳಿರಲಿಲ್ಲ. ಪ್ರತಿಯೊಬ್ಬರೂ ದಿನಕ್ಕೆ ಒಂದೇ ಸಲ ಹಾಕುತ್ತಿದ್ದರು.

ಒಂದು ಟೊಮೇಟೊ ಗಿಡವನ್ನು ಚೀಲದಿಂದ ಮೆಲ್ಲಗೆ ಹೊರಗೆ ತೆಗೆದೆವು. ಮೋರಿಯ ವಾಸನೆ. ಆರೋಗ್ಯವಾದ ಬೇರು ಬೆಳ್ಳಗೆ, ಗಟ್ಟಿಯಾಗಿ ಇರುತ್ತದೆ. ಇದು ಕಂದು ಬಣ್ಣಕ್ಕೆ ತಿರುಗಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬಂತು, ಒಳಗಿನ ನೂಲಿನಂಥ ಎಳೆ ಮಾತ್ರ ಉಳಿಯಿತು. ಅದನ್ನು ಅವರ ತಾಯಿಗೆ ತೋರಿಸಿದೆ. ಅವರಿಗೆ ತುಂಬ ಬೇಜಾರಾಯಿತು. ಅಂಥವರನ್ನು ಬಯ್ಯಲು ಮನಸ್ಸು ಬರುವುದಿಲ್ಲ. ಗಿಡಕ್ಕೆ ನೀರು ಹಾಕದೆ ಊಟಕ್ಕೆ ಕೂರದ ತಲೆಮಾರು ಅದು. ಆದರೆ ಅವರು ಕಲಿತದ್ದು ಹಿತ್ತಲಲ್ಲಿ. ಹಿತ್ತಲಿನ ನೆಲದಲ್ಲಿ ಹೆಚ್ಚಾದ ನೀರು ಕೆಳಗೆ ಇಳಿದುಹೋಗುತ್ತದೆ. ಚೀಲದಲ್ಲಿ ಅದು ತಳದಲ್ಲೇ ಉಳಿಯುತ್ತದೆ.

ತಳದಲ್ಲಿ ತೂತು ಇದೆಯಲ್ಲ ಅನ್ನಬಹುದು. ತೂತಿದ್ದರೂ ಕುಂಡದ ತಳದ ಒಂದೆರಡು ಇಂಚು ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೂರ್ತಿ ಬಸಿಯುವುದಿಲ್ಲ. ಕೆಳಗೆ ಜಲ್ಲಿಕಲ್ಲು ಹಾಕಿದರೆ ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಬೇರೆ ಇದೆ. ಆಗುವುದು ಉಲ್ಟಾ. ಆ ಒದ್ದೆ ಪದರ ಕಲ್ಲಿನ ಮೇಲಕ್ಕೆ ಬಂದು ಕೂರುತ್ತದೆ, ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ತೂತು ಮುಚ್ಚದ ಹಾಗೆ ಒಂದು ಹೆಂಚಿನ ಚೂರು ಇಟ್ಟರೆ ಸಾಕು. ಕುಂಡದ ಕೆಳಗೆ ತಟ್ಟೆ ಇಟ್ಟು ಅದರಲ್ಲಿ ನೀರು ನಿಲ್ಲಿಸುವುದಂತೂ ಬೇಡವೇ ಬೇಡ. ಸೊಳ್ಳೆಗೂ ಅದೇ ಬೇಕು.

ಮಣ್ಣಿಗೆ ಬೆರೆಸುವ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಇನ್ನೊಂದು ಮೋಸ ಮಾಡುತ್ತದೆ. ತನ್ನ ತೂಕದ ಎಷ್ಟೋ ಪಟ್ಟು ನೀರನ್ನು ಅದು ಹಿಡಿದುಕೊಳ್ಳುತ್ತದೆ. ಆದರೆ ಮೇಲಿನ ಅರ್ಧ ಇಂಚು ಬಿಸಿಲಿಗೆ ಬೇಗ ಒಣಗಿ ತಿಳಿ ಕಂದು ಬಣ್ಣಕ್ಕೆ ಬರುತ್ತದೆ. ಮೇಲಿಂದ ನೋಡಿದವರಿಗೆ ಮಣ್ಣು ಒಣಗಿ ಹೋಗಿದೆ ಅನ್ನಿಸುತ್ತದೆ. ಬೆರಳು ಇಳಿಸಿದರೆ ಒಳಗೆ ಹಿಂಡಿದರೆ ನೀರು ಬರುವಷ್ಟು ಒದ್ದೆ. ಹಾಗಾಗಿ ಕಣ್ಣನ್ನು ನಂಬಬೇಡಿ. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣೊಳಗೆ ಇಳಿಸಿ. ತುದಿಗೆ ತಂಪು ತಗುಲಿ ಮಣ್ಣು ಅಂಟಿಕೊಂಡರೆ ಇವತ್ತು ನೀರು ಬೇಡ. ಒಣಗಿ ಪುಡಿಪುಡಿಯಾಗಿದ್ದರೆ ಹಾಕಿ. ಚೀಲ ಸಣ್ಣದಿದ್ದರೆ ಅಂಚು ಹಿಡಿದು ಎತ್ತಿ ನೋಡಿ, ನಾಲ್ಕು ದಿನದಲ್ಲಿ ತೂಕದ ಅಂದಾಜು ಕೈಗೆ ಸಿಗುತ್ತದೆ. ಆನ್‌ಲೈನಲ್ಲಿ ಸಿಗುವ ಅಗ್ಗದ ತೇವದ ಮೀಟರ್‌ಗಳನ್ನು ನಾನು ನಂಬುವುದಿಲ್ಲ. ಮಣ್ಣಲ್ಲಿ ಉಪ್ಪಿನಂಶ ಹೆಚ್ಚಿದ್ದರೂ ಅವು ಒದ್ದೆ ಅಂತಲೇ ತೋರಿಸುತ್ತವೆ.

ಹಾಕುವಾಗ ಸರಿಯಾಗಿ ಹಾಕಿ. ಇದು ಅದೇ ಮಾತಿನ ಇನ್ನೊಂದು ಮುಖ. ದಿನಾ ಒಂದು ಮಗ್ ಚಿಮುಕಿಸುವವರ ಗಿಡದ ಬೇರು ಮೇಲಿನ ಎರಡು ಇಂಚಲ್ಲೇ ಹರಡಿಕೊಳ್ಳುತ್ತದೆ, ಬಿಸಿಲು ಮೊದಲು ಸುಡುವುದೂ ಅದನ್ನೇ. ಬೆಳಿಗ್ಗೆ ಎಂಟರ ಒಳಗೆ, ನಿಧಾನವಾಗಿ, ತಳದಿಂದ ತೊಟ್ಟಿಕ್ಕುವವರೆಗೆ ಹಾಕಿ. ಮಣ್ಣು ಪೂರ್ತಿ ಒಣಗಿ ಚೀಲದ ಅಂಚಿನಿಂದ ಬಿಟ್ಟುಕೊಂಡಿದ್ದರೆ ಸುರಿದ ನೀರು ಆ ಸಂದಿಯಲ್ಲಿ ಜಾರಿ ಕೆಳಗೆ ಹೋಗುತ್ತದೆ, ಒಳಗೆ ಒದ್ದೆಯೇ ಆಗಿರುವುದಿಲ್ಲ. ಅಂಥದ್ದಕ್ಕೆ ಸ್ವಲ್ಪ ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಬೇಕು. ಅಂದ ಹಾಗೆ ಮಧ್ಯಾಹ್ನ ಪೈಪು ತಿರುಗಿಸಿದರೆ ಮೊದಲು ಬರುವ ನೀರನ್ನು ನಿಮ್ಮ ಕೈ ಮೇಲೆ ಬಿಟ್ಟುಕೊಂಡು ನೋಡಿ. ಕೈ ಹಿಂದಕ್ಕೆ ಎಳೆದುಕೊಳ್ಳುತ್ತೀರಿ. ಅದನ್ನೇ ಗಿಡದ ಬುಡಕ್ಕೆ ಬಿಡುವುದಾ?

"ಎಷ್ಟು ಲೀಟರ್ ಹಾಕಬೇಕು ಹೇಳಿಬಿಡಿ" ಅಂತ ಕೇಳುತ್ತಾರೆ. ಹೇಳುವುದಿಲ್ಲ. ಚೀಲದ ಗಾತ್ರ, ಗಿಡದ ವಯಸ್ಸು, ಗಾಳಿ, ಗೋಡೆಯ ನೆರಳು, ಎಲ್ಲದರ ಮೇಲೆ ಅದು ಬದಲಾಗುತ್ತದೆ. ನಾನು ಬರೆಯುತ್ತಿರುವುದು ಬೆಂಗಳೂರು, ಮೈಸೂರು, ತುಮಕೂರಿನ ಬೇಸಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಕಲಬುರಗಿ, ರಾಯಚೂರಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿ ಕಾಯಿ ಬಿಡುತ್ತಿರುವ ಬಳ್ಳಿಗೆ ದಿನಕ್ಕೆ ಎರಡು ಸಲವೂ ಬೇಕಾಗಬಹುದು. ಬೆಂಗಳೂರಲ್ಲೂ 12 ಇಂಚಿನ ಚೀಲದಲ್ಲಿ ಸೋರೆ ಹಬ್ಬಿಸಿದರೆ ದಿನಾ ನೀರು ಬೇಕಾಗುತ್ತದೆ. ಅದು ಬಿಸಿಲಿನ ತಪ್ಪಲ್ಲ, ಚೀಲ ಚಿಕ್ಕದಾಯಿತು ಅಷ್ಟೆ. ಇನ್ನು ಎಳೆ ಸಸಿ, ಮಣ್ಣಿನ ಸಣ್ಣ ಕುಂಡ, ಇವಕ್ಕೆ ನನ್ನ ಮಧ್ಯಾಹ್ನದ ಕಟ್ಟುಪಾಡು ಅನ್ವಯಿಸುವುದಿಲ್ಲ. ಬೆರಳಿಗೆ ಒಣ ಮಣ್ಣೇ ಸಿಕ್ಕಿದರೆ ಎರಡು ಗಂಟೆಯಾದರೂ ಸರಿ, ತಣ್ಣನೆ ನೀರು ಹಾಕಿ.

ಬೆಳಿಗ್ಗೆ ಏಳಕ್ಕೂ ಎಲೆ ಬಾಡಿದ್ದರೆ ಅದು ಬೇರೆ ಮಾತು. ಆಗ ಮಾತ್ರ ಗಾಬರಿಯಾಗಿ. ಮಣ್ಣು ಒಣಗಿದ್ದರೆ ನೀರು ಬೇಕು. ಒದ್ದೆಯಿದ್ದರೆ ಬೇರು ಕೆಟ್ಟಿದೆ. ಟೊಮೇಟೊ, ಬದನೆ, ಮೆಣಸಿನ ಗಿಡ ಎಲೆ ಹಳದಿಯಾಗದೆ, ಹಸಿರಾಗಿದ್ದಂತೆಯೇ ಒಂದೆರಡು ದಿನದಲ್ಲಿ ಪೂರ್ತಿ ಸೊರಗಿದರೆ ಬ್ಯಾಕ್ಟೀರಿಯಾದ ಸೊರಗು ರೋಗ ಇರಬಹುದು. ಮನೆಯಲ್ಲೇ ನೋಡಬಹುದು. ಬುಡದ ಕಾಂಡದ ಎರಡಿಂಚು ತುಂಡು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವ ಹಾಗೆ ಅಲುಗಿಸದೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆಗಳು ಕೆಳಗೆ ಇಳಿದರೆ ಅದೇ ರೋಗ. ಅದಕ್ಕೆ ಮದ್ದಿಲ್ಲ. ಗಿಡ ಕಿತ್ತು ಕಸಕ್ಕೆ ಹಾಕಿ, ಗೊಬ್ಬರದ ಡಬ್ಬಕ್ಕೆ ಬೇಡ. ಆ ಮಣ್ಣಲ್ಲಿ ಮತ್ತೆ ಟೊಮೇಟೊ, ಬದನೆ, ಮೆಣಸಿನಂಥ ಬದನೆ ಜಾತಿಯದು ನೆಡಬೇಡಿ. ಎಳೆ ಬರಲಿಲ್ಲ ಅಂದ ಮಾತ್ರಕ್ಕೆ ರೋಗ ಇಲ್ಲ ಅಂತಲೂ ಖಡಾಖಂಡಿತವಾಗಿ ಹೇಳಲಾಗದು. ಅನುಮಾನವಿದ್ದರೆ ಗೊತ್ತಿದ್ದವರಿಗೆ ತೋರಿಸಿ.

2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸಬಾರದು ಅಂತ ಆದೇಶ ಮಾಡಿತು. ತಪ್ಪಿದರೆ 5,000 ರೂಪಾಯಿ ದಂಡ. ಜನ ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರು ಕೂಡಿಟ್ಟು ಅಳೆದು ಅಳೆದು ಹಾಕಿದರು. ಆ ಬೇಸಿಗೆ ನನಗೆ ಬೇರು ಕೊಳೆತಿದೆ ಎಂಬ ಫೋನುಗಳು ಎಂದಿನಷ್ಟು ಬರಲಿಲ್ಲ. ಇದನ್ನು ಸಂಶೋಧನೆ ಅಂತ ತಿಳಿಯಬೇಡಿ, ಸುಮ್ನೆ ನನ್ನ ಫೋನಿನ ಅನುಭವ. ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರದಿಂದ ಹೊರಬರುವ ತ್ಯಾಜ್ಯ ನೀರನ್ನು ಕೆಲವರು ದಿನವೂ ಹಾಕಿದರು, ಅದು ಬೇಡವಿತ್ತು. ಉಪ್ಪಿನಂಶ ಜಾಸ್ತಿ ಇರುತ್ತದೆ. ಹಾಕಲೇಬೇಕೆಂದರೆ ಬೇರೆ ನೀರಿನ ಜೊತೆ ಬೆರೆಸಿ ಹಾಕಿ. ಮಣ್ಣಿನ ಮೇಲೆ ಬಿಳಿ ಪದರ ಕಾಣಿಸಿದರೆ ನಿಲ್ಲಿಸಿ.

ಹಾಗಾದರೆ ಮಧ್ಯಾಹ್ನ ಬಾಡುವ ಗಿಡಕ್ಕೆ ಏನೂ ಮಾಡಬಾರದಾ? ಮಾಡಿ, ಆದರೆ ನೀರಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ರಸ್ತೆ ಬದಿಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಅದನ್ನು ಗುಡಿಸಿ ಬೆಂಕಿ ಹಚ್ಚುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಒಂದು ಗೋಣಿಚೀಲ ತುಂಬಿಸಿ ತಂದು, ಪ್ರತಿ ಚೀಲದ ಮೇಲೆ ಎರಡಿಂಚು ದಪ್ಪ ಹರಡಿ, ಕಾಂಡಕ್ಕೆ ತಾಗದ ಹಾಗೆ ಸ್ವಲ್ಪ ಬಿಡಿ. ಕಪ್ಪು ಚೀಲಗಳ ಪಶ್ಚಿಮದ ಬದಿಗೆ ಹಳೇ ಗೋಣಿತಾಟು ಕಟ್ಟಿ, ಚೀಲದ ಗೋಡೆ ಕಾದರೆ ಬೇರೂ ಬೇಯುತ್ತದೆ. ಸಣ್ಣ ಚೀಲಗಳನ್ನು ಒತ್ತೊತ್ತಾಗಿ ಇಡಿ.

ಒಮ್ಮೆ ಕೆಸರು ಒಮ್ಮೆ ಬರ ಅಂತ ಮಾಡಿದರೆ ಟೊಮೇಟೊ ಕಾಯಿಯ ತಳ ಕಪ್ಪಾಗುತ್ತದೆ. ಸುಣ್ಣದಂಶ ಮಣ್ಣಲ್ಲಿ ಇದ್ದರೂ ಕಾಯಿಗೆ ತಲುಪುವುದಿಲ್ಲ. ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕುವ ಶ್ರಮ ಬಿಟ್ಟು ನೀರಿನ ಕ್ರಮ ಸರಿಮಾಡಿ. ಏಪ್ರಿಲ್ ಬಿಸಿಗೆ ಟೊಮೇಟೊ ಹೂವು ಉದುರುವುದಕ್ಕೆ ಮಾತ್ರ ನೀರಿನ ಸಂಬಂಧ ಕಡಿಮೆ, ಸೆಖೆ ಇಳಿಯುವವರೆಗೆ ಕಾಯಬೇಕು.

ಮಕ್ಕಳಿಗೆ ರಜೆ ಸಿಕ್ಕಿ ಊರಿಗೆ ಹೊರಟಾಗ ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು "ದಿನಾ ಸ್ವಲ್ಪ ನೀರು ಹಾಕ್ತಿರಿ" ಅಂತ ಹೇಳಿ ಹೋಗಬೇಡಿ. ಅವರು ಪಾಪ, ನಿಮ್ಮ ಗಿಡ ಒಣಗಿತು ಎಂಬ ಅಪವಾದ ಬರದಿರಲಿ ಅಂತ ಎರಡು ಪಟ್ಟು ಹಾಕುತ್ತಾರೆ. ಹೋಗುವ ಮುಂಚೆ ಒಂದು ಚೀಲದ ಹತ್ತಿರ ಕರೆದುಕೊಂಡು ಹೋಗಿ, ಅವರ ಬೆರಳನ್ನೇ ಮಣ್ಣಿಗೆ ಇಳಿಸಿಸಿ. ಮತ್ತೆ ಮಧ್ಯಾಹ್ನ ತಾರಸಿಗೆ ಹೋಗಬೇಡಿ ಅಂತ ಸ್ಪಷ್ಟವಾಗಿ ಹೇಳಿ. ನನ್ನ ನಂಬರೂ ಕೊಡಿ. ಸಂಜೆ ಆರೂವರೆ ಆದ ಮೇಲೆ ಫೋನ್ ಮಾಡಲಿ.