ಹಳೆಯ ಜನಗಣತಿಯಲ್ಲಿ ಮುತ್ತಜ್ಜನ ಹೆಸರು ಸಿಗುತ್ತದೆಯೇ?

ಪ್ರಶ್ನೆ: ನಮ್ಮ ಮುತ್ತಜ್ಜ ಸುಳ್ಯದ ಕಡೆಯಿಂದ ಘಟ್ಟ ಹತ್ತಿ ಬಂದು ಕೊಡಗಿನ ಸಿದ್ದಾಪುರದ ಬಳಿ ಕಾಫಿ ತೋಟ ಸೇರಿದವರಂತೆ. 1901ರ ಜನಗಣತಿಯಲ್ಲಿ ಅವರ ಹೆಸರು ಹುಡುಕುವುದು ಹೇಗೆ?

ಸಿಗುವುದಿಲ್ಲ, ಹುಡುಕಬೇಡಿ. ಇದನ್ನು ಎಷ್ಟು ಜನಕ್ಕೆ ಹೇಳಿದರೂ ಮರುವಾರ ಇನ್ನೊಬ್ಬರು ಬರುತ್ತಾರೆ: ದೆಹಲಿಯಲ್ಲಿ ಇದೆಯಂತೆ, ಲಂಡನ್ನಿನಲ್ಲಿ ಇದೆಯಂತೆ, ದುಡ್ಡು ಕಟ್ಟಿದರೆ ತೆಗೆದುಕೊಡುತ್ತಾರಂತೆ!

ಈ ಅಂತೆಕಂತೆ ಹುಟ್ಟುವುದು ವಿದೇಶದಲ್ಲಿರುವ ನೆಂಟರಿಂದ. ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಮೇಲೆ ಮನೆವಾರು ಗಣತಿ ಪಟ್ಟಿಯನ್ನು ಜನರಿಗೆ ತೆರೆಯುತ್ತಾರೆ. 1921ರದ್ದು 2022ರಲ್ಲಿ ಬಂತು. ಅಮೆರಿಕದಲ್ಲಿ 72 ವರ್ಷ ಸಾಕು. ಅಲ್ಲಿ ಮೂಲ ಹಾಳೆಗಳನ್ನೇ ಕಾಪಾಡಿಟ್ಟಿದ್ದಾರೆ. ನಮ್ಮಲ್ಲಿಯೂ ಗಣತಿದಾರ ತೋಟದ ಕೂಲಿಗಳ ಸಾಲುಮನೆಗಳವರೆಗೆ (ಲೈನುಮನೆ) ಹೋಗಿ ವಯಸ್ಸು, ಜಾತಿ, ಹುಟ್ಟಿದ ಸ್ಥಳ ಎಲ್ಲವನ್ನೂ ಬರೆದುಕೊಂಡ, ಸುಳ್ಳಲ್ಲ. ಆದರೆ 1901ರಲ್ಲಿ ಆ ವಿವರಗಳನ್ನು ಸಣ್ಣ ಚೀಟಿಗಳಿಗೆ ಇಳಿಸಿ, ಚೀಟಿಗಳನ್ನು ವಿಂಗಡಿಸಿ, ಎಣಿಸಿ, ಕೋಷ್ಟಕ ಮಾಡಿದರು. ಕೋಷ್ಟಕ ಅಚ್ಚಾದ ಮೇಲೆ ಹಾಳೆಗಳು ನಾಶವಾದವು. ಇಲ್ಲದ ಕಾಗದವನ್ನು ಯಾವ ಕಚೇರಿ ತಾನೇ ಕೊಟ್ಟೀತು? ಇನ್ನು ಸ್ವಾತಂತ್ರ್ಯಾನಂತರದ ಗಣತಿಯ ಮನೆವಾರು ವಿವರ 1948ರ ಜನಗಣತಿ ಕಾಯಿದೆಯ ಪ್ರಕಾರ ಗೋಪ್ಯ, ನ್ಯಾಯಾಲಯಕ್ಕೂ ಸಾಕ್ಷ್ಯವಾಗದು. ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಹೊರಟವರು ಪೆನ್ನು ಕೆಳಗಿಡಿ.

ಉಳಿದಿರುವುದು ಅಂಕಿಗಳು ಮಾತ್ರ. 1901ರಲ್ಲಿ ಕೊಡಗಿನ ಜನಸಂಖ್ಯೆ 1,80,607. ಅದರಲ್ಲಿ ಗಂಡಸರು ಲಕ್ಷ ದಾಟಿದ್ದರು, ಹೆಂಗಸರು ಸುಮಾರು 80 ಸಾವಿರ. ಆ ಅಂತರದಲ್ಲಿ ಒಂಟಿಯಾಗಿ ತೋಟಕ್ಕೆ ಬಂದ ನಿಮ್ಮ ಮುತ್ತಜ್ಜನಂಥವರ ಪಾಲು ದೊಡ್ಡದು.

ಹೆಸರು ಬೇಕಾದರೆ ಹೆಸರು ಬರೆದಿಟ್ಟ ಜಾಗಕ್ಕೆ ಹೋಗಿ. ತೋಟ ಕೈ ಬದಲಾಗದೆ ಉಳಿದಿದ್ದರೆ ತೋಟದ ಗುಮಾಸ್ತರಾದ ರೈಟರ ಬಳಿ ಹಳೆಯ ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ ಪುಸ್ತಕ, ಕೇಳಿ. ಅಜ್ಜ ಓದಿದ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರಿರುತ್ತದೆ. ಕ್ರೈಸ್ತರಾದರೆ ಚರ್ಚಿನ ಜ್ಞಾನಸ್ನಾನದ ಪುಸ್ತಕ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರಷ್ಟು ಹಳೆಯದು. ಜಮೀನು ಕೊಂಡಿದ್ದರೆ ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರ.

ಎಲ್ಲಿಯಾದರೂ ‘ಮದ್ರಾಸ್’ ಎಂದು ಕಂಡರೆ, ಮುತ್ತಜ್ಜ ತಮಿಳರೇ ಎಂದು ಗಾಬರಿಯಾಗಬೇಡಿ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಕೊಡಗು ತಾನೇ ಬೇರೆ ಪ್ರಾಂತ್ಯ. ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಅಮರ ಸುಳ್ಯ, ಅಂದರೆ ನಿಮ್ಮ ಸುಳ್ಯದ ಕಡೆಯ ಸೀಮೆ, ಮೊದಲು ಕೊಡಗಿನ ಅರಸರದೇ ಸೀಮೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಕಂಪನಿ ಸರ್ಕಾರ ಅದನ್ನು ಕೆನರಾ ಜಿಲ್ಲೆಗೆ (ಈಗಿನ ದಕ್ಷಿಣ ಕನ್ನಡ ಆಗ ಅದರಲ್ಲಿತ್ತು) ಸೇರಿಸಿತು, ದವಸದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳಿತು; 1837ರಲ್ಲಿ ಕಂಪನಿಯ ವಿರುದ್ಧ ಎದ್ದ ದಂಗೆಗೆ ಅದೂ ಒಂದು ಕಾರಣ. ಹಾಗಾಗಿ ನಿಮ್ಮ ಮುತ್ತಜ್ಜನನ್ನು ವಲಸಿಗರೆಂದು ಬರೆಯುವ ಮುನ್ನ, ಅವರ ಹಿರಿಯರು 1834ಕ್ಕೆ ಮೊದಲು ಎಲ್ಲಿದ್ದರೆಂದು ಕೇಳಿ ನೋಡಿ. ಸುಳ್ಯದಲ್ಲಿಯೇ ಇದ್ದವರಾದರೆ ಅವರು ಕಂದಾಯ ಕಟ್ಟಿದ್ದು ಮಡಿಕೇರಿಯ ಅರಸನಿಗೆ.