ಲೆಯೋನ್: ಸಿಂಹ ಅಲ್ಲ, ದಂಡು

ಈ ವಾರ ಮತ್ತೆ ಕಣ್ಣಿಗೆ ಬಿತ್ತು: "ಲೆಯೋನ್, ಅಂದರೆ ಸಿಂಹಗಳ ಊರು". ಪ್ರವಾಸದ ಬರಹ, ರಸಪ್ರಶ್ನೆ, ಫುಟ್‌ಬಾಲ್ ಸುದ್ದಿ, ಎಲ್ಲಿ ನೋಡಿದರೂ ಇದೇ ಅರ್ಥ. ಸ್ಪ್ಯಾನಿಷ್‌ನಲ್ಲಿ ಲೆಯೋನ್ ಅಂದ್ರೆ ಸಿಂಹ, ಅದು ನಿಜ. ಆದರೆ ಊರಿನ ಹೆಸರು ಆ ಪದದಿಂದ ಬಂದದ್ದಲ್ಲ.

ಸ್ಪೇನಿನ ವಾಯುವ್ಯ ಭಾಗದಲ್ಲಿರುವ ಲೆಯೋನ್, ರೋಮನ್ನರ ಸೇನೆ ಬೀಡುಬಿಟ್ಟ ಜಾಗ. ಕ್ರಿ.ಶ. 1ನೇ ಶತಮಾನದಲ್ಲಿ ಅವರ 7ನೇ ಲೀಜನ್, ಅಂದರೆ ಸೈನಿಕರ ದೊಡ್ಡ ದಂಡು, ಅಲ್ಲಿ ನೆಲೆ ನಿಂತಿತು. ಲೀಜನ್‌ಗೆ ಲ್ಯಾಟಿನ್‌ನಲ್ಲಿ 'ಲೆಗಿಯೊ' ಅಂತಾರೆ. ಊರಿಗೂ ಅದೇ ಹೆಸರು ಅಂಟಿಕೊಂಡಿತು. ಬೆಂಗಳೂರಿನಲ್ಲಿ ಕಂಟೋನ್ಮೆಂಟ್‌ಗೆ ನಾವು 'ದಂಡು' ಅನ್ನುತ್ತೇವಲ್ಲ, ಹಾಗೆಯೇ.

ಹಾಗಾದರೆ ಸಿಂಹ ಎಲ್ಲಿಂದ ನುಗ್ಗಿತು? ಇಲ್ಲಿ ಸ್ವಲ್ಪ ವ್ಯಾಕರಣ ಬೇಕು. ಸ್ಪ್ಯಾನಿಷ್ ನಾಮಪದಗಳು ಹೆಚ್ಚಾಗಿ ಲ್ಯಾಟಿನ್‌ನ ದ್ವಿತೀಯಾ ವಿಭಕ್ತಿಯ ರೂಪದಿಂದ ಬಂದಿವೆ. ದಂಡಿಗೆ ಆ ರೂಪ 'ಲೆಗಿಯೋನೆಮ್', ಸಿಂಹಕ್ಕೆ 'ಲೆಯೋನೆಮ್'. ಕಾಲ ಕಳೆದಂತೆ ಕೊನೆಯ 'ಎಮ್' ಎರಡರಲ್ಲೂ ಉದುರಿತು. ಜೊತೆಗೆ, ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ಗಕಾರವೂ ಎಷ್ಟೋ ಪದಗಳಲ್ಲಿ ಸವೆದುಹೋಯಿತು. ರಾಣಿ ಅನ್ನುವ 'ರೆಗೀನಾ' ಈಗ 'ರೇಯ್ನಾ'. ಬಾಣ ಅನ್ನುವ 'ಸಗಿತ್ತಾ' ಈಗ 'ಸಾಯೆತಾ'. 'ಲೆಗಿಯೋನೆಮ್'ಗೂ ಅದೇ ಗತಿ. ಗ ಹೋದ ಮೇಲೆ ಉಳಿದದ್ದು 'ಲೆಯೋನ್', ಸಿಂಹದ ಪದಕ್ಕೂ ಅದಕ್ಕೂ ಕಿವಿಗೆ ವ್ಯತ್ಯಾಸವೇ ಇಲ್ಲ. ಮುಂದೆ ಓದುಬರಹದವರು ಅದೇ ಪದವನ್ನು ಲ್ಯಾಟಿನ್‌ನಿಂದ ಮತ್ತೊಮ್ಮೆ ತಂದುಕೊಂಡರು. ಅದು 'ಲೆಹಿಯೋನ್', ಇವತ್ತಿಗೂ ಲೀಜನ್ ಅಂತಲೇ ಅರ್ಥ. ಹೀಗೆ ಒಂದೇ ಮೂಲ ಸ್ಪ್ಯಾನಿಷ್‌ಗೆ ಎರಡು ಸಲ ಬಂದಿದೆ.

ಈ ಗೊಂದಲ ನಮ್ಮದು ಮಾತ್ರ ಅಲ್ಲ ಅನ್ನೋದನ್ನೂ ಹೇಳಬೇಕು. 12ನೇ ಶತಮಾನದಲ್ಲಿ ಲೆಯೋನಿನ ದೊರೆ 7ನೇ ಅಲ್ಫೊನ್ಸೊ ಸಿಂಹವನ್ನೇ ಲಾಂಛನ ಮಾಡಿಕೊಂಡ. ಇಂದಿನ ಸ್ಪೇನಿನ ರಾಜಮುದ್ರೆಯಲ್ಲಿ ಕೋಟೆಯ ಪಕ್ಕ ನಿಂತಿರುವ ನೇರಳೆ ಸಿಂಹ ಅಲ್ಲಿಂದಲೇ ಬಂದದ್ದು. ಹೆಸರಿಗೆ ಸಾವಿರ ವರ್ಷ ಆದ ಮೇಲೆ ಬಂದ ಚಿತ್ರ ಇದು. ಅದನ್ನೇ ಹೆಸರಿನ ಮೂಲ ಅಂತ ತೋರಿಸುವುದು ಸರಿಯಲ್ಲ, ಅಲ್ವಾ?

ಇನ್ನು ಯಾವ ಲೆಯೋನ್ ಅನ್ನೋ ಪ್ರಶ್ನೆ. ಚರ್ಮ ಮತ್ತು ಶೂಗಳಿಗೆ ಹೆಸರಾದ ಲೆಯೋನ್ ಮೆಕ್ಸಿಕೊದ ಗ್ವಾನಾಹ್ವಾತೊ ರಾಜ್ಯದಲ್ಲಿದೆ. 1576ರಲ್ಲಿ ಹುಟ್ಟಿದ ಅದರ ಜನಸಂಖ್ಯೆ ಈಗ 15 ಲಕ್ಷ ದಾಟಿದೆ, ಸ್ಪೇನಿನದಕ್ಕಿಂತ ಎಷ್ಟೋ ಜಾಸ್ತಿ. ಫುಟ್‌ಬಾಲ್ ಸುದ್ದಿಯಲ್ಲಿ ಬರುವ ಕ್ಲಬ್ ಲೆಯೋನ್ ಇಲ್ಲಿಯದು. ನಿಕರಾಗುವಾದ ಲೆಯೋನನ್ನು 1524ರಲ್ಲಿ ಫ್ರಾನ್ಸಿಸ್ಕೊ ಎರ್ನಾಂದೆಸ್ ದೆ ಕೊರ್ದೊಬಾ ಕಟ್ಟಿದ. 1610ರ ಭೂಕಂಪದ ನಂತರ ಜನ ಆ ಊರನ್ನೇ ಪಶ್ಚಿಮಕ್ಕೆ ಸಾಗಿಸಿದರು. ಹಳೆಯ ಜಾಗದ ಅವಶೇಷಗಳು 2000ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಈಗಿನ ಊರಿನ ಕೆಥೆಡ್ರಲ್ ಒಳಗೆ ಕವಿ ರುಬೇನ್ ದಾರಿಯೊ ಸಮಾಧಿ ಇದೆ. ಅದರ ಮೇಲೆ ದುಃಖದಲ್ಲಿರುವ ಸಿಂಹದ ಮೂರ್ತಿಯೊಂದು ಮಲಗಿದೆ. ಮೂರೂ ಊರಿನವರು ತಮ್ಮನ್ನು 'ಲೆಯೊನೇಸ್' ಅಂತಲೇ ಕರೆದುಕೊಳ್ಳುತ್ತಾರೆ. ಹಾಗಾಗಿ ದೇಶದ ಹೆಸರು ಬಿಟ್ಟು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಾವು ಈ ಸ್ಪ್ಯಾನಿಷ್ ಹೆಸರನ್ನೂ 'ಲಿಯೋನ್' ಅಂತ ಬರೆಯುತ್ತೇವೆ, ಫ್ರಾನ್ಸಿನ ಊರನ್ನೂ 'ಲಿಯೋನ್' ಅಂತಲೇ ಬರೆಯುತ್ತೇವೆ. ಫ್ರಾನ್ಸಿನದು 'ಲುಗ್ಡುನುಮ್' ಅನ್ನುವ ಹಳೆಯ ಹೆಸರು ಸವೆದು ಆದದ್ದು. ಅದರಲ್ಲಿ ದಂಡೂ ಇಲ್ಲ, ಸಿಂಹವೂ ಇಲ್ಲ. ಸ್ಪ್ಯಾನಿಷ್ ಊರುಗಳಿಗೆ 'ಲೆಯೋನ್' ಅಂತ ಬರೆದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಸಿಂಹವೇ ಬೇಕು ಅನ್ನುವವರು ಆಫ್ರಿಕಾದ ಸಿಯೆರಾ ಲಿಯೋನ್ ನೋಡಲಿ. ಪೋರ್ಚುಗೀಸ್ ನಾವಿಕರು ಅಲ್ಲಿನ ಬೆಟ್ಟಸಾಲಿಗೆ ಇಟ್ಟ ಆ ಹೆಸರಿನಲ್ಲಿ ಇರುವುದು ಸಿಂಹವೇ.